‘ನಂಬು’ ಎಂಬ ಹೆಸರಿನ ಪಿಸ್ತೂಲು

(ಆಕಾಶವಾಣಿ ಭಾಷಣದ ಪಾಠ)

ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಹೆಸರಿಗೂ ಗುಣಕ್ಕೂ ಇರುವ ವೈರವನ್ನು ಹಿರಿಯರು ಹೀಗೆ ನಗುನಗುತ್ತಲೇ ಹೇಳಿಬಿಟ್ಟರು. ಇಂದು ನಾನು ಹೇಳಹೊರಟಿರುವುದು ಅಂಥದೇ ಒಂದು ಹೆಸರಿನ ಕಥೆ. ಅದೂ ಒಂದು ಪಿಸ್ತೂಲಿನ ಹೆಸರು. ಜೀವಮಾನವೆಲ್ಲ ಕನ್ನಡ ಸಾಹಿತ್ಯವನ್ನು ಪಾಠ ಹೇಳಿದವನಿಗೆ ಪಿಸ್ತೂಲಿನ ಗೊಡವೆ ಏಕೆ ಎಂದು ತಾವು ಕೇಳಬಹುದು. ಆ ಗೊಡವೆಗೆ ಎಳೆದದ್ದು ಹೆಸರೇ. ಜಪಾನಿನಲ್ಲಿ ಹುಟ್ಟಿದ ಆ ಪಿಸ್ತೂಲನ್ನು ಜಗತ್ತು ‘ನಂಬು’ ಎಂದು ಕರೆಯಿತು. ಜಪಾನೀ ಭಾಷೆಯಲ್ಲಿ ಆ ಶಬ್ದಕ್ಕೆ ದಕ್ಷಿಣ ಭಾಗವೆಂದು ಅರ್ಥ; ಅದು ಅದನ್ನು ನಿರ್ಮಿಸಿದವನ ಮನೆತನದ ಹೆಸರು. ಕನ್ನಡದ ಕಿವಿಗೆ ಮಾತ್ರ ಅದು ವಿಶ್ವಾಸವಿಡು ಎಂಬ ಆಜ್ಞೆಯಂತೆ ಕೇಳುತ್ತದೆ. ವಿಚಿತ್ರವೆಂದರೆ, ಎರಡನೆಯ ಮಹಾಯುದ್ಧದ ಪಿಸ್ತೂಲುಗಳಲ್ಲಿ ‘ಇದನ್ನು ನಂಬಬೇಡಿ’ ಎಂಬ ಅಪಖ್ಯಾತಿಯನ್ನು ಇದರಷ್ಟು ಹೊತ್ತದ್ದು ಬೇರೊಂದಿರಲಾರದು.

ಈ ಹೆಸರನ್ನು ನಾನು ಮೊದಲು ಕೇಳಿದ್ದು ಪುಸ್ತಕದಲ್ಲಿ ಅಲ್ಲ, ನಿಪ್ಪಾಣಿಯ ಒಂದು ಓಣಿಯಲ್ಲಿ. ತಂಬಾಕಿನ ಪೇಟೆಯೆಂದು ಹೆಸರಾದ ಊರು ಅದು. ನನ್ನ ಬಾಲ್ಯದಲ್ಲಿ ವಖಾರಿಗಳಿಂದ ಬರುವ ಆ ಖಾರವಾದ ವಾಸನೆ ಊರಿನ ಗಾಳಿಯ ಒಂದು ಭಾಗವೇ ಆಗಿತ್ತು. ನಮ್ಮ ಮನೆಯಿಂದ ನಾಲ್ಕು ಬಾಗಿಲು ದಾಟಿದರೆ ನಿವೃತ್ತ ಸುಬೇದಾರರೊಬ್ಬರ ಮನೆ. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ತರಬೇತಿ ಪಡೆದು, 1944ರಲ್ಲಿ ಮಣಿಪುರದ ಗುಡ್ಡಗಳಲ್ಲಿ ಜಪಾನೀಯರೊಡನೆ ಕಾದಿದವರು. ಮರಾಠಿಯ ಲಯ ಬೆರೆತ ಕನ್ನಡ ಅವರದು. ಸಂಜೆ ಕಟ್ಟೆಯ ಮೇಲೆ ಕುಳಿತು ಬೀಡಿ ಹೊತ್ತಿಸಿದರೆಂದರೆ ಓಣಿಯ ಹುಡುಗರಿಗೆಲ್ಲ ಅಲ್ಲಿಯೇ ಶಾಲೆ.

ಅವರು ಹೇಳುತ್ತಿದ್ದ ಕಥೆಗಳಲ್ಲಿ ಒಂದು ಮಾತ್ರ ಯಾವಾಗಲೂ ಅರ್ಧಕ್ಕೆ ನಿಲ್ಲುತ್ತಿತ್ತು. ಮಳೆ ಹಿಡಿದ ಒಂದು ಮುಂಜಾನೆ, ಗುಡ್ಡದ ಕಾಲುದಾರಿಯ ತಿರುವಿನಲ್ಲಿ, ಐದು ಮಾರು ದೂರದಲ್ಲಿ ಒಬ್ಬ ಜಪಾನೀ ಅಧಿಕಾರಿ ಅವರಿಗೆ ಎದುರಾದ. ಇಬ್ಬರೂ ಬೆಚ್ಚಿದರು. ಅವನ ಕೈಯಲ್ಲಿ ಪಿಸ್ತೂಲು ಸಿದ್ಧವಾಗಿತ್ತು. ಇವರ ಬಂದೂಕು ಹೆಗಲಿನಲ್ಲಿತ್ತು. ಅವನು ಗುರಿಯಿಟ್ಟು ಟ್ರಿಗರ್ ಒತ್ತಿದ. ‘ಟಕ್’ ಎಂಬ ಸಪ್ಪಳವಷ್ಟೇ ಬಂದಿತು, ಗುಂಡು ಹಾರಲಿಲ್ಲ. ಅವನು ಪಿಸ್ತೂಲಿನ ಹಿಂಭಾಗದ ಗುಬುಟನ್ನು ಹಿಡಿದು ಎಳೆಯತೊಡಗಿದ. ಇಲ್ಲಿಗೆ ಬಂದೊಡನೆ ಸುಬೇದಾರರು ಮಾತು ನಿಲ್ಲಿಸಿ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಮುಂದಿನದನ್ನು ನಾವು ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, “ಅದರ ಹೆಸರು ನಂಬು ಅಂತ, ತಮ್ಮಾ. ಅಂವ ನಂಬಿದಾ, ನಾ ಉಳದೆ. ಅದು ತೊಯ್ದ ಬೀಡಿ ಇದ್ದಂಗ, ಹತ್ತಿದರ ಹತ್ತೀತು, ಇಲ್ಲಂದ್ರ ಇಲ್ಲ” ಎಂದು ಹೇಳಿ ಮುಗಿಸುತ್ತಿದ್ದರು.

ಅವರ ತೀರ್ಪೇ ಬಹುಕಾಲ ನನ್ನ ತೀರ್ಪೂ ಆಗಿತ್ತು. ತನ್ನ ಪ್ರಾಣವನ್ನೇ ಸಾಕ್ಷಿಯಾಗಿ ಮುಂದಿಟ್ಟು ಮಾತನಾಡುವವನೆದುರಿಗೆ ತರ್ಕ ಮಾಡುವುದಾದರೂ ಹೇಗೆ? ಮುಂದೆ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ, ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುತ್ತಿದ್ದವನ ಕೈಗೆ ಯುದ್ಧದ ಆಯುಧಗಳನ್ನು ಕುರಿತ ಒಂದು ಗ್ರಂಥ ಸಿಕ್ಕಿತು. ಅಲ್ಲಿಂದ ಆರಂಭವಾದ ಕುತೂಹಲ ಇಂದಿಗೂ ತೀರಿಲ್ಲ. ಆ ಓದಿನಿಂದ ನನಗೆ ತಿಳಿದುದನ್ನು, ಒಂದು ಮರುವಿಚಾರಣೆಯ ರೀತಿಯಲ್ಲಿ, ತಮ್ಮ ಮುಂದೆ ಇಡುತ್ತೇನೆ.

ಮೊದಲು ಆರೋಪಿಯ ಪರಿಚಯ. ಕಿಜಿರೊ ನಂಬು 1869ರಲ್ಲಿ ಜಪಾನಿನ ಸಾಗಾ ಪ್ರಾಂತದಲ್ಲಿ ಹುಟ್ಟಿದವನು, ಸೈನ್ಯ ಸೇರಿ, ಆಯುಧನಿರ್ಮಾಣದಲ್ಲಿ ಪಳಗಿ, ಲೆಫ್ಟಿನೆಂಟ್ ಜನರಲ್ ಪದವಿಗೇರಿದ, 1949ರಲ್ಲಿ ತೀರಿಕೊಂಡ. 1902ರ ಸುಮಾರಿಗೆ ಅವನ ಮೊದಲ ಸ್ವಯಂಚಾಲಿತ ಪಿಸ್ತೂಲು ಸಿದ್ಧವಾಯಿತು. ಅದು ಅಂದವಾದ, ನಯವಾದ ಕೆಲಸ. ನೌಕಾದಳ ಅದನ್ನು ಸ್ವೀಕರಿಸಿತು. ಭೂಸೈನ್ಯ ಬೆಲೆ ಹೆಚ್ಚೆಂದು ಹಿಂಜರಿಯಿತು. ಅಂದಿನ ಜಪಾನೀ ಸೈನ್ಯದಲ್ಲಿ ಅಧಿಕಾರಿಗಳು ತಮ್ಮ ಪಿಸ್ತೂಲನ್ನು ಸ್ವಂತ ಹಣದಿಂದಲೇ ಕೊಳ್ಳಬೇಕಾಗಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಆ ಬೆಲೆಯನ್ನು ತಗ್ಗಿಸಿ, ರಚನೆಯನ್ನು ಸರಳಗೊಳಿಸಿ ಹೊರತಂದ ಮಾದರಿ 1925ರದು. ಅದು ತೈಶೊ ಚಕ್ರವರ್ತಿಯ ಆಳ್ವಿಕೆಯ 14ನೆಯ ವರ್ಷ. ಆದುದರಿಂದ ಅದಕ್ಕೆ ‘14ನೆಯ ಮಾದರಿ’ ಎಂದು ಹೆಸರಾಯಿತು. ಪ್ರಭವ ವಿಭವಗಳನ್ನೆಣಿಸುವ ನಮಗೆ ಈ ಪದ್ಧತಿ ಅಪರಿಚಿತವೇನಲ್ಲ. ಸುಮಾರು 900 ಗ್ರಾಂ ತೂಕ, ಎಂಟು ಮಿಲಿಮೀಟರಿನ ಎಂಟು ತೋಟಾಗಳು, ತೆಳುವಾದ ಉದ್ದ ನಳಿಗೆ. ಮಹಾಯುದ್ಧದಲ್ಲಿ ಜಗತ್ತು ಹೆಚ್ಚಾಗಿ ಕಂಡ ‘ನಂಬು’ ಇದೇ. 1934ರಲ್ಲಿ ಇನ್ನೊಂದು ಬಂದಿತು. ಟ್ಯಾಂಕು ಮತ್ತು ವಿಮಾನಗಳ ಇಕ್ಕಟ್ಟಿನಲ್ಲಿ ಕೆಲಸ ಮಾಡುವವರಿಗೆ ಅನುಕೂಲವಾಗಲೆಂದು ಮಾಡಿದ, ಆರು ತೋಟಾಗಳ ಆ ಚಿಕ್ಕ ಪಿಸ್ತೂಲಿಗೆ ‘94ನೆಯ ಮಾದರಿ’ ಎಂದು ಹೆಸರು. ಆ ವರ್ಷ ಜಪಾನೀಯರ ಸಾಮ್ರಾಜ್ಯ ಶಕೆಯ 2594.

ಇನ್ನು ಆರೋಪಗಳು. ಮುಖ್ಯವಾದವು ನಾಲ್ಕು.

ಮೊದಲನೆಯದು, ಸುಬೇದಾರರು ಕಂಡದ್ದು: ಟ್ರಿಗರ್ ಒತ್ತಿದರೂ ಗುಂಡು ಹಾರದಿರುವುದು. ಪಿಸ್ತೂಲಿನೊಳಗೆ ಒಂದು ಸೂಜಿ ಇರುತ್ತದೆ. ಸ್ಪ್ರಿಂಗಿನ ಬಲದಿಂದ ಅದು ಮುಂದಕ್ಕೆ ಚಿಮ್ಮಿ ತೋಟಾದ ತಳಕ್ಕೆ ಬಡಿದಾಗ ಮದ್ದು ಹೊತ್ತಿಕೊಳ್ಳುತ್ತದೆ. 14ನೆಯ ಮಾದರಿಯಲ್ಲಿ ಆ ಸ್ಪ್ರಿಂಗು ಕಾಲಕ್ರಮದಲ್ಲಿ ಸೊರಗುತ್ತಿತ್ತು, ಪೆಟ್ಟು ಹಗುರವಾಗುತ್ತಿತ್ತು. ಈ ವಿಷಯದಲ್ಲಿ ಆರೋಪಿಯ ತಪ್ಪೊಪ್ಪಿಗೆಯೇ ಲಭ್ಯವಿದೆ. ಆ ಪಿಸ್ತೂಲಿನ ಚರ್ಮದ ಒರೆಯಲ್ಲಿ ಒಂದು ಪುಟ್ಟ ಜೇಬಿರುತ್ತಿತ್ತು. ಅದು ಇನ್ನೊಂದು ಸೂಜಿಯನ್ನು ಇಟ್ಟುಕೊಳ್ಳುವುದಕ್ಕಾಗಿ. ಬಂಡಿಯೊಡನೆ ಇನ್ನೊಂದು ಕಡಾಣಿಯನ್ನು ಇಟ್ಟುಕೊಂಡು ಹೊರಟ ರೈತನನ್ನು ನಾವು ಜಾಣನೆನ್ನುತ್ತೇವೆ, ನಿಜ. ಆದರೆ ಕಡಾಣಿ ಮುರಿಯಬಹುದೆಂಬುದನ್ನು ಅವನು ಬಲ್ಲನೆಂದೂ ಅದರಿಂದ ತಿಳಿಯುತ್ತದೆ. ಈ ಆರೋಪವನ್ನು ನಾನು ತಳ್ಳಿಹಾಕುವುದಿಲ್ಲ.

ಎರಡನೆಯದು, ಅದರ ತೋಟಾ ದುರ್ಬಲ ಎಂಬುದು. ಇದೂ ಸತ್ಯವೇ. ಆರೂವರೆ ಗ್ರಾಂ ತೂಕದ ಅದರ ಗುಂಡು ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಲ್ಲಿ ಹಾರುತ್ತಿತ್ತು; ಜರ್ಮನರ ಒಂಬತ್ತು ಮಿಲಿಮೀಟರಿನ ಗುಂಡು ಇದಕ್ಕಿಂತ ಭಾರವೂ ವೇಗವೂ ಉಳ್ಳದ್ದು. ಆದರೆ ಇಲ್ಲಿ ಒಂದು ವಿವೇಚನೆ ಅಗತ್ಯ. ಅಶಕ್ತಿ ಬೇರೆ, ವಿಶ್ವಾಸಘಾತ ಬೇರೆ. ಎಲ್ಲ ದಿನವೂ ಹತ್ತು ಸೇರು ಹೊರುವ ಆಳನ್ನು ‘ಇವನು ಇಪ್ಪತ್ತು ಸೇರು ಹೊರಲಾರ’ ಎನ್ನಬಹುದೇ ಹೊರತು ‘ನಂಬಿಕೆಗೆ ಅರ್ಹನಲ್ಲ’ ಎನ್ನಲಾಗದು. ಹಗುರವಾದ ತೋಟಾದಿಂದಾಗಿ ಕೈಗೆ ಜಗ್ಗು ಕಡಿಮೆ. ಗುರಿ ಚೆನ್ನಾಗಿ ನಿಲ್ಲುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ‘ನಂಬು’ವಿನಿಂದ ಗುಂಡು ಹಾರಿಸಿ ನೋಡಿದವರು ಅದರ ನಿಖರತೆಯನ್ನು ಮೆಚ್ಚಿ ಬರೆದಿದ್ದಾರೆ.

ಮೂರನೆಯದು, ಬಳಕೆಯ ಅನನುಕೂಲ. ಅದರ ಸುರಕ್ಷಾ ಕೀಲನ್ನು ಅರ್ಧಸುತ್ತು ತಿರುಗಿಸಬೇಕು. ಪಿಸ್ತೂಲು ಹಿಡಿದ ಕೈಯಿಂದ ಅದು ಆಗದು, ಇನ್ನೊಂದು ಕೈ ಬೇಕು. ತೋಟಾಗಳು ಮುಗಿದ ಮೇಲೆ ಖಾಲಿ ಮ್ಯಾಗಜೀನನ್ನು ಹೊರಗೆಳೆಯುವುದೂ ಕಷ್ಟ. ಹಿಂದೆ ಸರಿದು ನಿಂತ ಭಾಗ ಅದನ್ನು ಒತ್ತಿ ಹಿಡಿದಿರುತ್ತದೆ, ಒದ್ದೆಗೈಯಾದರಂತೂ ಹೇಳುವುದೇ ಬೇಡ. ಇವು ರಚನೆಯ ದೋಷಗಳೇ. ಹಾಗೆಯೇ, ಮಂಚೂರಿಯಾದ ಚಳಿಯಲ್ಲಿ ಕೈಗವಸು ತೊಟ್ಟ ಬೆರಳಿಗೆ ಜಾಗ ಸಾಲದೆಂದು ತಿಳಿದಾಗ ಟ್ರಿಗರಿನ ಸುತ್ತಲ ಬಳೆಯನ್ನು ದೊಡ್ಡದು ಮಾಡಿದರೆಂಬುದನ್ನೂ ಹೇಳಬೇಕು. ತಿದ್ದಿಕೊಳ್ಳುವ ಬುದ್ಧಿ ಇತ್ತು; ಎಲ್ಲವನ್ನೂ ತಿದ್ದಲು ಕಾಲ ಸಾಲಲಿಲ್ಲ.

ನಾಲ್ಕನೆಯ ಆರೋಪ ಭಯಂಕರವಾದದ್ದು: ಪಿಸ್ತೂಲಿನ ಪಕ್ಕವನ್ನು ಮುಟ್ಟಿದರೆ ಸಾಕು, ಗುಂಡು ಹಾರುತ್ತದೆ ಎಂಬುದು. ಇದು 94ನೆಯ ಮಾದರಿಯ ದೋಷ. ಟ್ರಿಗರಿಗೂ ಸೂಜಿಯ ವ್ಯವಸ್ಥೆಗೂ ನಡುವಣ ಸಲಾಕೆ ಅದರಲ್ಲಿ ಎಡಮಗ್ಗುಲಿಗೆ ಬಯಲಾಗಿಯೇ ಇದೆ. ತೋಟಾ ಏರಿಸಿ, ಸುರಕ್ಷಾ ಕೀಲನ್ನು ತೆಗೆದಿದ್ದಾಗ, ಆ ಸಲಾಕೆಯನ್ನು ಒತ್ತಿದರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಲ್ಲದು. ಶರಣಾಗುವ ಅಧಿಕಾರಿ ಪಿಸ್ತೂಲನ್ನು ಒಪ್ಪಿಸುವ ನೆಪದಿಂದ ಗೆದ್ದವನನ್ನು ಕೊಲ್ಲಲೆಂದೇ ಹೀಗೆ ಮಾಡಿದ್ದರೆಂಬ ದಂತಕಥೆಯೂ ಹುಟ್ಟಿಕೊಂಡಿತು. ದಂತಕಥೆಯನ್ನು ಬಿಡೋಣ. ದೋಷ ಮಾತ್ರ ದೋಷವೇ. ಅದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಆದರೆ ಜನದ ಬಾಯಲ್ಲಿ ಆದದ್ದೇನು? ಸುಮಾರು ಎಪ್ಪತ್ತು ಸಾವಿರದಷ್ಟು ತಯಾರಾದ ಈ ಕಿರಿಯವನ ಪಾಪ, ಅದರ ಹಲವು ಪಟ್ಟು ಸಂಖ್ಯೆಯಲ್ಲಿ ತಯಾರಾದ ಹಿರಿಯವನ ತಲೆಗೂ ಅಂಟಿತು. ಮನೆತನದ ಹೆಸರು ಒಂದೇ ಆದುದರಿಂದ ತಮ್ಮನ ತಪ್ಪಿಗೆ ಅಣ್ಣನೂ ಊರವರ ಬೈಗುಳು ತಿನ್ನಬೇಕಾಯಿತು.

ಇಷ್ಟು ಆರೋಪಗಳಾದವು. ಈಗ ಸಾಕ್ಷಿಗಳ ವಿಷಯ. ‘ನಂಬು’ವಿನ ಬಗ್ಗೆ ತೀರ್ಪು ಕೊಟ್ಟವರು ಯಾರು? ಬಹುಪಾಲು, ಅದನ್ನು ರಣರಂಗದಲ್ಲಿ ಹೆಣದ ಸೊಂಟದಿಂದಲೋ ಸೆರೆಯಾಳಿನ ಕೈಯಿಂದಲೋ ಪಡೆದ ಶತ್ರುಸೈನಿಕರು. ಅವರ ಕೈಗೆ ಬಂದ ಪಿಸ್ತೂಲುಗಳಲ್ಲಿ ಅನೇಕವು ಯುದ್ಧದ ಕೊನೆಯ ಎರಡು ವರ್ಷಗಳಲ್ಲಿ ತಯಾರಾದವು. ಆ ಹೊತ್ತಿಗೆ ಜಪಾನಿನಲ್ಲಿ ಒಳ್ಳೆಯ ಲೋಹದ ಅಭಾವ, ನುರಿತ ಕೈಗಳ ಅಭಾವ, ಮೇಲಿನಿಂದ ಬಾಂಬಿನ ಮಳೆ. ಮೊದಲಿನ ಪಿಸ್ತೂಲುಗಳ ಮೇಲಿದ್ದ ನುಣುಪು ಹೋಗಿ ಅರದ ಗೀರುಗಳು ಹಾಗೆಯೇ ಉಳಿದವು. ಗೆರೆ ಕೊರೆದ ಹಿಡಿಕೆಯ ಜಾಗದಲ್ಲಿ ಸಾದಾ ಮರದ ತುಂಡು ಬಂದಿತು. ಅಮೆರಿಕದ ಸೈನಿಕರು ಅವನ್ನು ನೆನಪಿಗಾಗಿ ಊರಿಗೊಯ್ದರು. ಅಲ್ಲಿ ಅದಕ್ಕೆ ಸರಿಯಾದ ತೋಟಾ ಸಿಗುತ್ತಿರಲಿಲ್ಲ. ಬೇರೆ ಬಗೆಯ ತೋಟಾಗಳ ಕವಚವನ್ನು ಕತ್ತರಿಸಿ ಹೊಂದಿಸಿಕೊಂಡರು. ಇಲ್ಲವೆ ಹಳೆಯ ತೋಟಾಗಳನ್ನೇ ಬಳಸಿದರು. ಹತ್ತಾರು ವರ್ಷ ಬದಲಿಸದ ಸ್ಪ್ರಿಂಗು, ಹೊಂದಿಕೆಯಾಗದ ತೋಟಾ. ಗುಂಡು ಹಾರಲಿಲ್ಲವೆಂದರೆ ಅಪರಾಧ ಯಾರದು?

ನಮ್ಮ ಸುಬೇದಾರರಿಗೆ ಎದುರಾದ ಪಿಸ್ತೂಲಿನ ಸ್ಥಿತಿಯನ್ನೂ ಯೋಚಿಸೋಣ. 1944ರ ಮಾರ್ಚಿಯಲ್ಲಿ ಜಪಾನಿನ 15ನೆಯ ಸೈನ್ಯ ಇಂಫಾಲ, ಕೊಹಿಮಾಗಳ ಕಡೆಗೆ ದಂಡೆತ್ತಿ ಬಂದಿತು. ಸುಮಾರು 85,000 ಜನ. ಕಟ್ಟಿಕೊಂಡ ಬುತ್ತಿ ಮೂರು ವಾರದ್ದು. ಶತ್ರುವಿನ ಉಗ್ರಾಣಗಳನ್ನು ಗೆದ್ದು ಉಣ್ಣಬಹುದೆಂಬುದು ಸೇನಾಪತಿಯ ಲೆಕ್ಕಾಚಾರ. ಉಗ್ರಾಣ ಸಿಗಲಿಲ್ಲ; ಮಳೆ ಬಂದಿತು. ಜುಲೈಯಲ್ಲಿ ಹಿಮ್ಮೆಟ್ಟುವ ಅಪ್ಪಣೆಯಾಗುವಷ್ಟರಲ್ಲಿ ಸತ್ತವರು, ಗಾಯಗೊಂಡವರು, ರೋಗಕ್ಕೆ ತುತ್ತಾದವರು ಎಲ್ಲ ಸೇರಿ ಅರ್ಧಕ್ಕಿಂತ ಹೆಚ್ಚು ಜನ ನಷ್ಟವಾಗಿದ್ದರು. ಅವರಲ್ಲಿ ಹಸಿವಿನಿಂದಲೂ ಮಲೇರಿಯಾ, ಆಮಶಂಕೆಗಳಿಂದಲೂ ಸತ್ತವರು ಅಸಂಖ್ಯ. ಹೊಟ್ಟೆಗೆ ಅಕ್ಕಿ ಇಲ್ಲದವನು ಪಿಸ್ತೂಲಿಗೆ ಎಣ್ಣೆಯನ್ನು ಎಲ್ಲಿಂದ ತಂದಾನು? ವಾರಗಟ್ಟಲೆ ಒದ್ದೆಯಾದ ಒರೆಯಲ್ಲಿದ್ದ, ತುಕ್ಕು ಹಿಡಿದ ಸ್ಪ್ರಿಂಗಿನ, ಥಂಡಿ ಕುಡಿದ ತೋಟಾದ ಪಿಸ್ತೂಲು ಅದು. ಅಂಥ ಸ್ಥಿತಿಯಲ್ಲಿ ಯಾವ ಖ್ಯಾತನಾಮ ಪಿಸ್ತೂಲಿನ ಮೇಲೆ ತಾನೇ ಪ್ರಾಣ ಪಣವಿಡಬಹುದು?

ಪ್ರಾಚೀನ ಕಾವ್ಯಗಳನ್ನು ಓದಿದವರಿಗೆ ಈ ವಾದ ಹೊಸದೆನಿಸಬಾರದು. ಛಂದಸ್ಸು ಕೆಟ್ಟ, ಅರ್ಥ ಕೂಡದ ಒಂದು ಪದ್ಯ ಎದುರಾದಾಗ ಅವಸರದ ಓದುಗ ಕವಿಯನ್ನು ದೂರುತ್ತಾನೆ; ಗ್ರಂಥಸಂಪಾದಕ ಮೊದಲು ಪ್ರತಿಯನ್ನು ನೋಡುತ್ತಾನೆ. ಈ ಓಲೆ ಯಾವ ಕಾಲದ್ದು? ಎಷ್ಟನೆಯ ಕೈಯ ನಕಲು? ಇದಕ್ಕಿಂತ ಹಳೆಯ ಪ್ರತಿ ಬೇರೆಲ್ಲಿಯಾದರೂ ಇದೆಯೆ? ಹುಳು ತಿಂದದ್ದನ್ನೂ ಲಿಪಿಕಾರ ತಪ್ಪಿದ್ದನ್ನೂ ಕವಿಯ ಲೆಕ್ಕಕ್ಕೆ ಬರೆಯಬಾರದೆಂಬುದು ಆ ಶಾಸ್ತ್ರದ ಮೊದಲ ಪಾಠ. ಹಾಗೆಂದು ಕವಿ ಎಡವುವುದೇ ಇಲ್ಲವೆಂದಲ್ಲ. ಎಲ್ಲ ಪ್ರತಿಗಳೂ ಒಂದೇ ತಪ್ಪನ್ನು ಹೇಳುತ್ತಿದ್ದರೆ ಅದು ಕವಿಯ ತಪ್ಪೇ ಇದ್ದೀತು. ಸುರಕ್ಷಾ ಕೀಲಿನ ದೋಷ ಎಲ್ಲ ಪ್ರತಿಗಳಲ್ಲಿಯೂ ಇದೆ, ಅದು ಕವಿಯದು. ಒರಟು ಕೆಲಸ ಕೊನೆಯ ಪ್ರತಿಗಳಲ್ಲಿ ಮಾತ್ರ ಇದೆ, ಅದು ಲಿಪಿಕಾರನದು. ನಮ್ಮ ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗೆ ಈ ಶಾಸ್ತ್ರದ ಹೆಸರು ತಿಳಿಯದು. ಆದರೆ ಮಳೆಗೆ ತೊಯ್ದ ಮೇಲಿನ ಎಲೆಯನ್ನು ನೋಡಿ ಅವನು ಇಡೀ ಚೀಲಕ್ಕೆ ಬೆಲೆ ಕಟ್ಟುವುದಿಲ್ಲ. ನಡುವಿಗೆ ಕೈಹಾಕಿ ಎಳೆದು ಮೂಸಿ ನೋಡುತ್ತಾನೆ.

ಹೀಗೆ ನಡುವಿಗೆ ಕೈಹಾಕಿ ನೋಡಿದವನೊಬ್ಬ ಅಮೆರಿಕದಲ್ಲಿದ್ದ. ಅವನ ಹೆಸರು ವಿಲಿಯಂ ರೂಗರ್. 1945ರಲ್ಲಿ, ಯುದ್ಧದಿಂದ ಮರಳಿದ ಸೈನಿಕನೊಬ್ಬನಿಂದ ಒಂದು ‘ನಂಬು’ ಅವನ ಕೈಸೇರಿತು. ಎಲ್ಲರೂ ಗೋಡೆಗೆ ತೂಗುಹಾಕುತ್ತಿದ್ದ ಆ ವಸ್ತುವನ್ನು ಅವನು ಬಿಚ್ಚಿ ನೋಡಿದ. ಅದರಂತೆ ತಾನೂ ಮಾಡಿ ನೋಡಿದ. ಅದರ ಆಕಾರ, ಕೈಗೆ ಕೂಡುವ ಹಿಡಿಕೆಯ ಓರೆ, ದುಂಡನೆಯ ಹಿಂಭಾಗದ ಚಲನೆ ಅವನ ಮನಸ್ಸಿನಲ್ಲಿ ಉಳಿದವು. 1949ರಲ್ಲಿ ಅವನೂ ಅಲೆಕ್ಸಾಂಡರ್ ಸ್ಟರ್ಮ್ ಎಂಬ ಗೆಳೆಯನೂ ಐವತ್ತು ಸಾವಿರ ಡಾಲರ್ ಬಂಡವಾಳದಿಂದ ಆರಂಭಿಸಿದ ಕಾರ್ಖಾನೆಯ ಮೊದಲ ಪಿಸ್ತೂಲು ಆ ರೂಪವನ್ನೇ ಹೊತ್ತು ಬಂದಿತು. ಒಳಗಿನ ತೋಟಾ ಬೇರೆ, ರಚನೆಯೂ ಬಹುಮಟ್ಟಿಗೆ ಸರಳ. ಆದರೆ ಮೈಕಟ್ಟಿನಲ್ಲಿ ‘ನಂಬು’ವಿನ ವಂಶದ ಗುರುತು ಸ್ಪಷ್ಟ. ಅದು ಗುರಿ ಅಭ್ಯಾಸದ ಪಿಸ್ತೂಲುಗಳಲ್ಲಿ ಅತ್ಯಂತ ನೆಚ್ಚಿನದೆನಿಸಿ, ಹತ್ತು ಲಕ್ಷವನ್ನು ಮೀರಿ ಮಾರಾಟವಾಯಿತು. ಅದರ ಪೀಳಿಗೆ ಇಂದಿಗೂ ತಯಾರಾಗುತ್ತಿದೆ. ಅತ್ತ ಜಪಾನಿನಲ್ಲಿಯೂ ಆ ಹೆಸರು ಅಳಿಯಲಿಲ್ಲ. 1960ರ ದಶಕದಿಂದ ಅಲ್ಲಿಯ ಪೊಲೀಸರು ಸೊಂಟಕ್ಕೆ ಕಟ್ಟಿದ ರಿವಾಲ್ವರಿನ ಹೆಸರು ‘ಹೊಸ ನಂಬು’. ಗೆದ್ದವರು ಹೀಗಳೆದ ಹೆಸರನ್ನು ಸೋತವರು ನಾಚದೆ ಮತ್ತೆ ಎತ್ತಿಕೊಂಡರು.

ಸೋತವರ ಆಯುಧದ ಪರವಾಗಿ ಸಾಕ್ಷಿ ಹೇಳುವವರು ವಿರಳ. ನಮ್ಮ ಸೀಮೆಗೆ ಇದು ಹೊಸ ಮಾತಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಿರೆಂದಾಗ ಒಪ್ಪದೆ ಹೋರಾಡಿ ನಾಶವಾದ ಹಲಗಲಿಯ ಬೇಡರ ಕಡೆಯ ಮಾತನ್ನು ಉಳಿಸಿದ್ದು ಸರಕಾರಿ ಕಾಗದವಲ್ಲ, ಲಾವಣಿ. ಆ ಲಾವಣಿಯನ್ನು 1880ರ ದಶಕದಲ್ಲಿ ಸಂಗ್ರಹಿಸಿ ಅಚ್ಚುಮಾಡಿಸಿದವನು ಗೆದ್ದವರ ಕಡೆಯ ಅಧಿಕಾರಿಯಾದ ಜಾನ್ ಫೇತ್‌ಫುಲ್ ಫ್ಲೀಟ್ ಎಂಬುದು ಗಮನಾರ್ಹ. ಎದುರಾಳಿಯ ಮಾತನ್ನೂ ಕಿವಿಗೊಟ್ಟು ಕೇಳುವ ಅಂಥ ಒಬ್ಬ ಮನುಷ್ಯ ಪ್ರತಿಯೊಂದು ಅಪಖ್ಯಾತಿಗೂ ಬೇಕು.

ಆದರೆ ನನ್ನ ಮಾತನ್ನು ಯಾರೂ ಅಪಾರ್ಥಮಾಡಿಕೊಳ್ಳಬಾರದು. ಹಲಗಲಿಯವರು ತಮ್ಮ ಊರಿನಲ್ಲಿ ನಿಂತು ಹೋರಾಡಿದವರು. ‘ನಂಬು’ವನ್ನು ಹಿಡಿದವರು ಪರರ ಊರುಗಳ ಮೇಲೆ ಏರಿಹೋದವರು. 1942ರಿಂದ 1945ರವರೆಗೆ ಅಂಡಮಾನದ ಜನ ಆ ಆಳ್ವಿಕೆಯಲ್ಲಿ ಪಟ್ಟ ಪಾಡು, ಸಯಾಂ–ಬರ್ಮಾ ರೈಲುಮಾರ್ಗದ ಕೆಲಸಕ್ಕೆ ಒಯ್ದ ಮಲಯದ ತಮಿಳು ಕೂಲಿಗಳ ಗೋಳು ಇವನ್ನು ಮರೆತು ಆ ಸೈನ್ಯವನ್ನು ಕುರಿತು ಮಾತನಾಡುವುದು ಪಾಪವಾದೀತು. ಕಬ್ಬಿಣದ ಗುಣವನ್ನು ತೂಗುವುದು ಒಂದು ಕೆಲಸ. ಅದನ್ನು ಹಿಡಿದ ಕೈಯನ್ನು ತೂಗುವುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ್ದರಿಂದಲೇ ಈ ಪಿಸ್ತೂಲಿನ ಲೆಕ್ಕ ಇಷ್ಟು ಕಾಲ ಕೆಟ್ಟಿತು.

ಹಾಗಾದರೆ ಕೊನೆಯ ತೀರ್ಪೇನು? 14ನೆಯ ಮಾದರಿ ಅದ್ವಿತೀಯವಲ್ಲ. ಸ್ಪ್ರಿಂಗಿನಲ್ಲಿ ಬಡತನ, ಕೀಲಿನಲ್ಲಿ ಅವಿವೇಕ ಅದಕ್ಕಿದ್ದವು. ಆದರೂ ಚೆನ್ನಾಗಿ ತಯಾರಾದ ವರ್ಷಗಳದ್ದು, ಚೊಕ್ಕಟವಾಗಿಟ್ಟದ್ದು, ಸರಿಯಾದ ತೋಟಾ ಉಳ್ಳದ್ದು ತನ್ನ ಕೆಲಸವನ್ನು ಮಾಡುತ್ತಿತ್ತು. 94ನೆಯ ಮಾದರಿಯನ್ನು ಕ್ಷಮಿಸುವುದು ಕಷ್ಟ. ‘ನಂಬು’ ಎಂಬ ಹೆಸರಿನ ಹಿಂದೆ ‘ಪರೀಕ್ಷಿಸಿ’ ಎಂಬ ಒಂದು ಮಾತನ್ನು ಸೇರಿಸಿದರೆ ಅದರ ನಿಜವಾದ ಯೋಗ್ಯತೆ ತಿಳಿದೀತು.

ಎಂ.ಎ. ಮುಗಿಸಿ ಊರಿಗೆ ಬಂದ ಬೇಸಗೆಯಲ್ಲಿ ಈ ಶೋಧವನ್ನೆಲ್ಲ ನಾನು ಸುಬೇದಾರರ ಮುಂದೆ ಹೇಳಿದೆ. ಹೊಸದಾಗಿ ಓದಿದವನ ಉತ್ಸಾಹ. “ಕಾಕಾ, ಆ ಪಿಸ್ತೂಲು ನೀವು ಅಂದಷ್ಟು ಕೆಟ್ಟದ್ದೇನೂ ಆಗಿರಲಿಲ್ಲ, ತುಕ್ಕು ಹಿಡಿದಿತ್ತು, ಅಷ್ಟೇ” ಎಂದೆ. ಅವರ ಪ್ರಾಣ ಉಳಿದ ಕಾರಣವನ್ನೇ ನಾನು ತಿದ್ದಹೊರಟಿದ್ದೇನೆಂಬ ಅರಿವು ಮಾತು ಮುಗಿದ ಮೇಲೆ ನನಗೆ ಬಂದಿತು. ಅವರು ಸಿಟ್ಟಾಗಲಿಲ್ಲ. ಬೀಡಿ ಆರಿಹೋಗಿತ್ತು, ಮತ್ತೆ ಹೊತ್ತಿಸಲಿಲ್ಲ. ಬಹಳ ಹೊತ್ತು ಅಂಗೈಗಳನ್ನು ನೋಡಿಕೊಂಡು ಕುಳಿತರು. ಆಮೇಲೆ ಹೇಳಿದರು:

“ಪಿಸ್ತೂಲು ಚಲೋ ಇತ್ತು ಅಂತೀ. ಇರಲಿ, ತಮ್ಮಾ. ಸಣ್ಣ ಹುಡುಗ ಅಂವ, ನನಕಿಂತ ಸಣ್ಣಾಂವ. ಅಷ್ಟು ದೂರ ಕಳಿಸಿದವರು ಅಂವಗ ಒಂದು ಹನಿ ಎಣ್ಣಿ ಕೊಡಲಿಲ್ಲ ನೋಡು.”